ಮೊಣಕೈ ಇಲ್ಲದ ಹುಡುಗರು

ವರ್ಲಿನ್ ಕಾಡಿಲ್ ರೆಫರಿಯೊಬ್ಬನ ದವಡೆ ಮುರಿದದ್ದನ್ನು ನಾನು ಹತ್ತು ಅಡಿ ದೂರದಿಂದ ನೋಡಿದ್ದೇನೆ. ಸಾವಿರದ ಒಂಬೈನೂರ ಎಪ್ಪತ್ತೆಂಟರ ಫೆಬ್ರವರಿ. ನಮ್ಮ ಟಾಲಿವರ್ ಕಾಲೇಜಿಗೂ ಬೆಟ್ಟದಾಚೆಯ ಪೈನ್ ಗ್ಯಾಪ್ ಕಾಲೇಜಿಗೂ ಬ್ಯಾಸ್ಕೆಟ್‌ಬಾಲ್ ಪಂದ್ಯ ನಡೆಯುತ್ತಿತ್ತು. ಮುಗಿಯಲು ನಾಲ್ಕು ನಿಮಿಷ ಉಳಿದಿತ್ತು. ನಾನು ಗಣಿತದ ಅಧ್ಯಾಪಕಿ. ಅಂಕಿಗಳ ವಿಷಯದಲ್ಲಿ ನಂಬಬಹುದೆಂದು ಕಾಲೇಜು ನನ್ನನ್ನು ಅಂಕಣದ ಪಕ್ಕದ ಮೇಜಿನಲ್ಲಿ, ಗಡಿಯಾರದ ಗುಂಡಿಯ ಮುಂದೆ ಕೂರಿಸಿತ್ತು. ರೆಫರಿ ನಮ್ಮವರ ಮೇಲೆ ಇನ್ನೊಂದು ಫೌಲ್ ಊದಿದಾಗ ವರ್ಲಿನ್ ಎರಡನೆಯ ಸಾಲಿನಿಂದ ಇಳಿದು ಬಂದ. ಓಡಲಿಲ್ಲ, ಬಾಯಿ ಮಾಡಲಿಲ್ಲ. ಅಂಕಣದ ಕಪ್ಪು ಗೆರೆ ದಾಟಿ, ರೆಫರಿಯ ಹೆಗಲು ಹಿಡಿದು ತನ್ನ ಕಡೆ ತಿರುಗಿಸಿಕೊಂಡು, ಒಂದೇ ಒಂದು ಗುದ್ದು ಗುದ್ದಿದ. ಒಣ ಕಟ್ಟಿಗೆ ಮುರಿದಂತೆ ಸದ್ದಾಯಿತು. ಆ ಮನುಷ್ಯ ಮಂಡಿಯೂರಿದ. ಬಾಯಲ್ಲಿದ್ದ ಸೀಟಿ ಎರಡು ಹಲ್ಲುಗಳ ಜೊತೆ ನೆಲಕ್ಕೆ ಬಿತ್ತು. ವರ್ಲಿನ್ ಬಗ್ಗಿ ಸೀಟಿಯನ್ನು ಎತ್ತಿಕೊಂಡು, ತನ್ನ ಅಂಗಿಗೆ ಒರೆಸಿ, ನನ್ನ ಮೇಜಿನ ಮೇಲಿಟ್ಟ.

"ಇದು ಅವನಿಗೆ ಬೇಕಾಗುತ್ತೆ, ಪ್ರೊಫೆಸರ್. ಇನ್ನೂ ನಾಲ್ಕು ನಿಮಿಷ ಇದೆಯಲ್ಲ" ಎಂದ.

ಮೂರು ತಿಂಗಳು ಜೈಲಾಯಿತು. ಕಾಲೇಜಿನ ವ್ಯಾಯಾಮಶಾಲೆಯೊಳಗೆ ಅವನು ಕಾಲಿಡಕೂಡದೆಂದು ಆದೇಶವೂ ಆಯಿತು. ಜೈಲನ್ನು ಅವನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ನಮ್ಮದು ಕೆಂಟಕಿಯ ಪೂರ್ವದ ಕಲ್ಲಿದ್ದಲ ಕಣಿವೆ. ವರ್ಲಿನ್‌ನ ಅಪ್ಪ ಆರನೆಯ ಗಣಿಯ ಚಾವಣಿ ಕುಸಿದು ಸತ್ತ. ಹೊರತೆಗೆದಾಗ ಬೂಟಿನಿಂದ ಗುರುತು ಹಿಡಿದರು. ಮರುವರ್ಷ, ಹದಿನೇಳನೆಯ ವಯಸ್ಸಿನಲ್ಲಿ, ವರ್ಲಿನ್ ಅದೇ ಗಣಿಗೆ ಇಳಿದ. ಚಾವಣಿಗೆ ಕಬ್ಬಿಣದ ಬೋಲ್ಟ್ ಬಿಗಿದು ಬಂಡೆ ಕಳಚದಂತೆ ನಿಲ್ಲಿಸುವ ಕೆಲಸ ಅವನದು. ಮೂವತ್ತೆರಡು ವರ್ಷ ಮಾಡಿದ. ಬಲಗೈಯ ಎರಡು ಬೆರಳು ಹೋದವು. ಅವನು ಬೋಲ್ಟ್ ಹೊಡೆದ ಕಡೆ ಯಾರೂ ಸಾಯಲಿಲ್ಲ. ಅದನ್ನು ಅವನು ಎಂದೂ ಹೇಳಿಕೊಂಡವನಲ್ಲ. ಅವನ ಪಾಳಿಯ ಎಸ್ಟಿಲ್ ಕೂಮ್ಸ್ ಹೇಳುತ್ತಿದ್ದ.

ಎಪ್ಪತ್ತನಾಲ್ಕರಲ್ಲಿ ಹದಿಮೂರು ತಿಂಗಳ ಮುಷ್ಕರ ನಡೆಯಿತು. ಮುಷ್ಕರ ಮುರಿಯಲು ಕಂಪನಿ ಪೈನ್ ಗ್ಯಾಪ್‌ನಿಂದ ಬಸ್ಸುಗಳಲ್ಲಿ ಆಳುಗಳನ್ನು ತರಿಸಿತು. ವರ್ಲಿನ್, ಎಸ್ಟಿಲ್ ಮತ್ತು ಇನ್ನಿಪ್ಪತ್ತು ಜನ ಪಿಕಾಸಿಯ ಕಾವು ಹಿಡಿದು ಸೇತುವೆಯ ಮೇಲೆ ನಿಂತರು. ಮೊದಲ ಬಸ್ಸಿನಿಂದ ಇಳಿದವನೊಬ್ಬ ಸರಪಳಿ ಬೀಸಿದ. ವರ್ಲಿನ್‌ನ ಎಡ ಹುಬ್ಬು ಎರಡು ಹೋಳಾಯಿತು. ಕಣ್ಣಿಗೆ ರಕ್ತ ಇಳಿಯುತ್ತಿದ್ದಂತೆಯೇ ವರ್ಲಿನ್ ಅವನ ಮಂಡಿಗೆ ಬಾರಿಸಿದ, ಒಂದಕ್ಕಲ್ಲ, ಎರಡಕ್ಕೂ. ನಮ್ಮವರು ನೂಕಿದ ಬಸ್ಸು ಹೊಳೆಗೆ ಬಿತ್ತು. ಆದರೂ ಮುಷ್ಕರ ಸೋತಿತು. ಅಂದಿನಿಂದ ಪೈನ್ ಗ್ಯಾಪ್‌ನವರನ್ನು ಸೋಲಿಸಲು ನಮ್ಮವರಿಗೆ ಉಳಿದದ್ದು ಒಂದೇ ಜಾಗ, ಆ ವ್ಯಾಯಾಮಶಾಲೆಯ ಅಂಕಣ. ಅಲ್ಲಿಯೂ ನಾವು ಸೋಲುತ್ತಲೇ ಬಂದೆವು.

ಹದಿನಾಲ್ಕು ಚಳಿಗಾಲ ವರ್ಲಿನ್ ಹೊರಗೆ ತನ್ನ ಟ್ರಕ್ಕಿನಲ್ಲಿ ಕೂತು, ಗೋಡೆಯಾಚೆಯ ಪಂದ್ಯವನ್ನು ರೇಡಿಯೊದಲ್ಲಿ ಕೇಳಿದ. ಅವನ ಹೆಂಡತಿ ರೀವಾ ಕಾಲೇಜಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಳು. ವಿರಾಮದಲ್ಲಿ ಕಾಫಿ ತಂದು ಕಿಟಕಿಯಿಂದ ಕೊಟ್ಟು ಹೋಗುತ್ತಿದ್ದಳು. ಪಂದ್ಯಗಳು ಶುರುವಾಗುವ ಪ್ರತಿ ನವೆಂಬರಿನಲ್ಲಿ ಅವನು ಅವಳಿಗೆ ಹೇಳುತ್ತಿದ್ದದ್ದು ಎರಡೇ ಮಾತು: "ಈ ಸಲ." ಸೋತು ಮುಗಿದ ಪ್ರತಿ ಮಾರ್ಚಿನಲ್ಲಿ ಅವಳು ಅದನ್ನು ನೆನಪಿಸುತ್ತಿರಲಿಲ್ಲ. ಅವರ ದಾಂಪತ್ಯ ಉಳಿದದ್ದು ಹಾಗೆ ಎಂದು ನನ್ನ ಅಂದಾಜು.

ಎಂಬತ್ತಾರರಲ್ಲಿ ಆರನೆಯ ಗಣಿ ಮುಚ್ಚಿತು. ಪಾಳಿ ಬದಲಾದಾಗ ಕೂಗುತ್ತಿದ್ದ ಅದರ ಸೈರನ್ನನ್ನು ಹಳೆಯ ವಿದ್ಯಾರ್ಥಿಗಳು ಬಿಚ್ಚಿ ತಂದು ವ್ಯಾಯಾಮಶಾಲೆಯ ಮಾಡಿಗೆ ಕಟ್ಟಿಸಿದರು. ಆಟದ ಸಮಯ ಮುಗಿದಾಗ ಕೂಗುತ್ತಿದ್ದದ್ದು ಅದೇ. ಅದರ ತಂತಿ ನನ್ನ ಗಡಿಯಾರಕ್ಕೆ ಸೇರಿತ್ತು. ಅದರ ಜೋಡಿ ಸೈರನ್ ಗುಡ್ಡದ ಆ ಬದಿಯ ಒಂಬತ್ತನೆಯ ಗಣಿಯಲ್ಲಿತ್ತು. ಆ ಗಣಿ ಇನ್ನೂ ನಡೆಯುತ್ತಿತ್ತು. ಮಧ್ಯಾಹ್ನ ನಾಲ್ಕಕ್ಕೆ ಅದು ಕೂಗಿದರೆ ಕಣಿವೆಯಲ್ಲೆಲ್ಲ ಕೇಳುತ್ತಿತ್ತು. ನಮ್ಮ ಪಂದ್ಯಗಳೆಲ್ಲ ಸಂಜೆ ಏಳಕ್ಕೆ. ಆದ್ದರಿಂದ ಎರಡು ಕೂಗುಗಳೂ ಎಂದೂ ಎದುರಾಗಿರಲಿಲ್ಲ.

ತೊಂಬತ್ತೆರಡರಲ್ಲಿ ಡ್ವೇನ್ ಸ್ಟ್ಯಾಂಪರ್ ಎಂಬವನು ಕೋಚ್ ಆಗಿ ಬಂದ. ಇಲ್ಲಿಯವನೇ, ಗಣಿಯವರ ಮೊಮ್ಮಗ. ಹಿಂದಿನ ವರ್ಷ ತಂಡ ಇಪ್ಪತ್ತೇಳು ಪಂದ್ಯ ಆಡಿ ಎರಡನ್ನು ಗೆದ್ದಿತ್ತು. ಸಾವಿರದಿನ್ನೂರು ಕುರ್ಚಿಗಳಿದ್ದಲ್ಲಿ ನಲವತ್ತು ಜನ ಬರುತ್ತಿದ್ದರು. ಸ್ಟ್ಯಾಂಪರ್ ಒಂದು ದಿನ ನನ್ನನ್ನೂ ಡೀನರನ್ನೂ ಕರೆದುಕೊಂಡು ಹೊರಗೆ ಟ್ರಕ್ಕಿನ ಬಳಿ ಹೋದ.

"ವರ್ಲಿನ್, ಒಳಗೆ ಬನ್ನಿ."

"ನಾನು ಒಳಗೆ ಬಂದ್ರೆ ನಿನ್ನ ಕೆಲಸ ಹೋಗುತ್ತೆ, ಮಗಾ."

"ಅದು ಸೋತು ಸೋತು ಹೇಗೂ ಹೋಗುತ್ತೆ. ಖಾಲಿ ಕುರ್ಚಿ ಮುಂದೆ ಸೋಲೋದು ತೀರಾ ಬೇಜಾರು."

ಡೀನರು ಒಂದು ಕಾಗದ ಟೈಪು ಮಾಡಿಸಿ ತಂದಿದ್ದರು. ಅದರಲ್ಲಿದ್ದದ್ದು ಒಂದೇ ವಾಕ್ಯ: ಪಂದ್ಯ ನಡೆಯುವಾಗ ಯಾವ ಕಾರಣಕ್ಕಾದರೂ ಕಪ್ಪು ಗೆರೆ ದಾಟಿದರೆ, ವರ್ಲಿನ್ ಕಾಡಿಲ್ ಬದುಕಿರುವವರೆಗೆ ಮತ್ತೆ ಒಳಗೆ ಬರತಕ್ಕದ್ದಲ್ಲ. ವರ್ಲಿನ್ ಎರಡು ಸಲ ಓದಿದ.

"ಯಾವ ಕಾರಣಕ್ಕಾದರೂ ಅಂದ್ರೆ? ಬೆಂಕಿ ಬಿದ್ರೆ?"

"ಹಿಂದುಗಡೆ ಬಾಗಿಲಿದೆ" ಎಂದರು ಡೀನ್.

ಅವನು ರುಜು ಹಾಕಿದ. ಸಾಕ್ಷಿ ಎಂದು ನಾನೂ ಹಾಕಿದೆ. ಅಷ್ಟು ಹೊತ್ತಿಗಾಗಲೇ ಅವನ ಶ್ವಾಸಕೋಶ ಕಲ್ಲಿದ್ದಲ ಧೂಳಿಗೆ ಬಲಿಯಾಗಿತ್ತು. ನಾಲ್ಕು ಮೆಟ್ಟಿಲು ಹತ್ತಿದರೆ ತುಟಿ ನೀಲಿಯಾಗುತ್ತಿತ್ತು. ಮೆಟ್ಟಿಲು ಬೇಡವೆಂದು ಅವನಿಗೆ ಮೊದಲ ಸಾಲಿನಲ್ಲೇ, ಗೆರೆಯಿಂದ ಎರಡಡಿ ಹಿಂದೆ, ಒಂದು ಮಡಿಚುವ ಕಬ್ಬಿಣದ ಕುರ್ಚಿ ಹಾಕಿಕೊಟ್ಟರು. ಪಕ್ಕದಲ್ಲಿ ಎಸ್ಟಿಲ್. ಎಸ್ಟಿಲ್ ಬರುತ್ತಿದ್ದದ್ದು ತಂಡ ಸೋಲುತ್ತದೆ ಎಂದು ಹೇಳಲು. ಸಾಮಾನ್ಯವಾಗಿ ಅವನ ಮಾತೇ ನಿಜವಾಗುತ್ತಿತ್ತು.

ಮರುವರ್ಷ ಐದು ಹೊಸ ಹುಡುಗರು ಬಂದರು. ಎಲ್ಲರೂ ಮೊದಲ ವರ್ಷದವರು, ಎಲ್ಲರಿಗೂ ಹದಿನೆಂಟರ ಆಸುಪಾಸು. ಹಳಬರು ಆಡುವುದನ್ನು ನೋಡಿ ಸಾಕಾಗಿದ್ದ ಸ್ಟ್ಯಾಂಪರ್ ಐದೂ ಹುಡುಗರನ್ನು ಒಟ್ಟಿಗೆ ಅಂಕಣಕ್ಕೆ ಇಳಿಸಿದ. ಅವರಲ್ಲಿ ಎತ್ತರದವನು ಟೀಗ್. ಡೇಟನ್ ನಗರದವನು, ಆರಡಿ ಒಂಬತ್ತಿಂಚು, ಪೊರಕೆಕಡ್ಡಿಯಂಥ ಮೈ. ಬುಟ್ಟಿಯ ಕೆಳಗೆ ಬೆಟ್ಟದಂತೆ ನಿಲ್ಲಬೇಕಾದ ಸೆಂಟರ್ ಅವನೇ. ಯಾರಿಗಾದರೂ ಮೈ ತಾಗಿದರೆ ಅವನು ಆಟ ಬಿಟ್ಟು "ಸಾರಿ" ಎನ್ನುತ್ತಿದ್ದ.

ಮೊದಲ ಅಭ್ಯಾಸ ನೋಡಿ ಎಸ್ಟಿಲ್ ತೊಡೆ ತಟ್ಟಿಕೊಂಡು ನಕ್ಕ. "ಇವರಾ? ಇವರನ್ನ ಪೈನ್ ಗ್ಯಾಪ್‌ನವರು ಬ್ರೆಡ್ಡಿಗೆ ಹಚ್ಕೊಂಡು ತಿಂತಾರೆ."

"ಓಟ ನೋಡು" ಎಂದ ವರ್ಲಿನ್. ಮಾತಿನ ನಡುವೆ ಅವನು ಉಸಿರಿಗಾಗಿ ನಿಲ್ಲುತ್ತಿದ್ದ. "ಕೈ ನೋಡು. ಚೆಂಡು ಕೈಗೆ ಅಂಟ್ಕೊಂಡ ಹಾಗಿದೆ. ಇವರಿಗೆ ಎಲ್ಲಾ ಇದೆ ಮಾರಾಯ. ಮೊಣಕೈ ಒಂದಿಲ್ಲ."

"ಇಪ್ಪತ್ತು ವರ್ಷದಿಂದ ನಿಂಗೆ ಯಾವಾಗ್ಲೂ ಒಂದೇ ಕಮ್ಮಿ ಕಾಣೋದು."

"ಮೊಣಕೈ ಬೆಳೆಸ್ಬಹುದು ಕಣೋ. ಈ ಸಲ."

ನವೆಂಬರಿನ ಕೊನೆಯ ಶನಿವಾರ ವರ್ಲಿನ್ ಮನೆಯಲ್ಲಿ ಹಂದಿ ಕೊಯ್ಯುತ್ತಿದ್ದರು. ಆ ವರ್ಷ ಅವನು ಐದೂ ಹುಡುಗರನ್ನು ಕರೆಸಿದ. ನಾನು ನನ್ನ ಪಾಲಿನ ತೊಡೆಮಾಂಸಕ್ಕೆ ಹೋಗಿದ್ದೆ. ಒಳಗೆ ರೀವಾ ಬೀನ್ಸ್ ಬೇಯಿಸುತ್ತಿದ್ದಳು, ಮೆಕ್ಕೆಜೋಳದ ಬ್ರೆಡ್ಡು ಒಲೆಯಲ್ಲಿತ್ತು. ಅಂಗಳದಲ್ಲಿ ಹಂಡೆ ಕುದಿಯುತ್ತಿತ್ತು. ಹಂದಿಯ ಹಣೆಗೆ ಗುಂಡು ಹೊಡೆಯಬೇಕಾದವನು ಎಸ್ಟಿಲ್. ಅವನ ಗುರಿ ಒಂದು ಬೆರಳಿನಷ್ಟು ತಪ್ಪಿತು. ಮಂಡಿಯೂರಿದ ಹಂದಿ ಮತ್ತೆ ಎದ್ದು, ಒಂದು ಕಣ್ಣು ರಕ್ತ ಸುರಿಸುತ್ತಾ, ಅಂಗಳದ ತುಂಬ ಕಿರುಚುತ್ತಾ ನುಗ್ಗಿತು. ನಾಲ್ವರು ಹುಡುಗರು ಟ್ರಕ್ಕಿನ ಮೇಲೆ ಹತ್ತಿದರು. ಟೀಗ್ ಬೇಲಿಯ ಬಾಗಿಲಲ್ಲಿ ಸಿಕ್ಕಿಬಿದ್ದ. ಹಂದಿ ನೇರ ಅವನ ಕಡೆಗೇ ಬಂತು.

"ಜಾಗ ಬಿಡಬೇಡ, ಮಗಾ" ಎಂದು ವರ್ಲಿನ್ ಕೂಗಿದ.

ಟೀಗ್ ಹಂದಿಗೆ "ಸಾರಿ" ಎಂದು ಪಕ್ಕಕ್ಕೆ ಸರಿದ.

ವರ್ಲಿನ್ ಅಡ್ಡ ಬಿದ್ದು ಅದರ ಮುಂಗಾಲು ಹಿಡಿದ. ಮುನ್ನೂರು ಪೌಂಡಿನ ಪ್ರಾಣಿ ಅವನನ್ನು ಬೇಲಿಯವರೆಗೂ ಎಳೆದುಕೊಂಡು ಹೋಯಿತು. ಅವನು ಅದರ ಕತ್ತಿನ ಮೇಲೆ ಮಂಡಿ ಊರಿ, ಮೂರು ಬೆರಳಿನ ಕೈಯಲ್ಲಿ ಚಾಕು ಹಿಡಿದು, ಗಂಟಲು ಕೊಯ್ದ. ರಕ್ತ ಅವನ ಗದ್ದದವರೆಗೂ ಎಗರಿತು. ಹಂದಿ ಒದೆಯುವುದನ್ನು ನಿಲ್ಲಿಸಿದ ಮೇಲೂ ಅವನು ಏಳಲಿಲ್ಲ. ಅದರ ಮೇಲೆಯೇ ಐದು ನಿಮಿಷ ಮಲಗಿ ಉಸಿರಿಗೆ ಪರದಾಡಿದ. ರೀವಾ ಬಂದು ನೋಡಿದಳು.

"ಸಾಯೋ ಹಾಗಿದ್ರೆ ಹಂದಿ ಮೇಲಿಂದ ಇಳಿದು ಸಾಯಿ. ಮಾಂಸ ಕೆಡುತ್ತೆ" ಎಂದು ಹೇಳಿ ಒಳಗೆ ಹೋದಳು.

ಕೊನೆಗೆ ವರ್ಲಿನ್ ಎದ್ದು ಕೂತು ಟೀಗ್‌ನನ್ನು ಕರೆದ. "ಹಂದಿಗೆ ಸಾರಿ ಹೇಳಿದೆಯಾ?"

"ಅಡ್ಡ ಬಂದುಬಿಟ್ಟೆ ಅಂತ, ಸರ್."

"ಅಡ್ಡ ಬರೋದೇ ನಿನ್ನ ಕೆಲಸ ಕಣೋ."

ಮಧ್ಯಾಹ್ನ, ತೊಳೆದು ಬೋಳಿಸಿದ ಹಂದಿಯನ್ನು ತೊಲೆಗೆ ನೇತುಹಾಕಿ, ಅದರ ಮುಂದೆ ಒಬ್ಬೊಬ್ಬ ಹುಡುಗನನ್ನೂ ಬೆನ್ನು ಮಾಡಿ ನಿಲ್ಲಿಸಿದ. "ಕೈ ಎತ್ತಬೇಡ, ಎತ್ತಿದ್ರೆ ಫೌಲು. ಮೊಣಕೈ ಅಲ್ಲೇ ಇರಲಿ. ಬರೋನು ಬಂದು ತಾಗಿಸ್ಕೋತಾನೆ." ಹುಡುಗರು ಸತ್ತ ಹಂದಿಯ ಪಕ್ಕೆಗೆ ಮೊಣಕೈ ತಿವಿದರು. ಟೀಗ್ ತಿವಿದಾಗ ಹಂದಿ ಅಲುಗಲಿಲ್ಲ.

"ಸತ್ತ ಹಂದಿ ಎದುರೂ ಇವರು ಸೋಲ್ತಾರೆ" ಎಂದ ಎಸ್ಟಿಲ್.

ಆದರೆ ಸೋಲಲಿಲ್ಲ. ಡಿಸೆಂಬರ್ ಮುಗಿಯುವ ಹೊತ್ತಿಗೆ ಐದು ಗೆದ್ದಿದ್ದರು, ಜನವರಿಯ ಕೊನೆಗೆ ಹತ್ತು. ಮೊಣಕೈ ಇನ್ನೂ ಬಂದಿರಲಿಲ್ಲ. ಓಟದಿಂದ ಗೆಲ್ಲುತ್ತಿದ್ದರು, ಪೆಟ್ಟು ತಿಂದು ಗೆಲ್ಲುತ್ತಿದ್ದರು. ಒಬ್ಬನ ಮೂಗು ಮುರಿಯಿತು. ಇನ್ನೊಬ್ಬನ ಹುಬ್ಬಿಗೆ ಏಳು ಹೊಲಿಗೆ ಬಿತ್ತು. ವರ್ಲಿನ್ ತನ್ನ ಸೀಳು ಹುಬ್ಬನ್ನು ತೋರಿಸಿ ಅವನಿಗೆ ಸಮಾಧಾನ ಹೇಳಿದ. ಫೆಬ್ರವರಿಯಲ್ಲಿ ಕುರ್ಚಿಗಳು ತುಂಬಿದವು. ತಂಡ ಸೋತಾಗಲೆಲ್ಲ ಬರುವುದನ್ನು ಬಿಟ್ಟಿದ್ದ ಜನ ಈಗ ಬಂದು, ತಾವು ಯಾವಾಗಲೂ ಬರುತ್ತಿದ್ದವರಂತೆ ಕೂಗಾಡಿದರು. ವರ್ಲಿನ್‌ಗೆ ಕೂಗಲು ಉಸಿರಿರಲಿಲ್ಲ. ಬೂಟಿನ ತುದಿಯನ್ನು ಗೆರೆಯ ಹಿಂದೆ ಸಾಲು ಹಿಡಿದು ಇಟ್ಟುಕೊಂಡು, ಕೂತ ಕುರ್ಚಿಯ ಅಂಚನ್ನು ಎರಡು ಕೈಯಲ್ಲೂ ಬಿಗಿಯಾಗಿ ಹಿಡಿದು ಕೂರುತ್ತಿದ್ದ. ರೆಫರಿಗಳು ಅವನ ಮುಂದೆ ಹಾದುಹೋಗುವಾಗ ಸ್ವಲ್ಪ ಬೇಗ ನಡೆಯುತ್ತಿದ್ದರು.

ಕೊನೆಯ ಪಂದ್ಯ ಪೈನ್ ಗ್ಯಾಪ್‌ನ ಮೇಲೆ. ಗೆದ್ದವರಿಗೆ ರಾಜ್ಯಮಟ್ಟದ ಪಂದ್ಯಾವಳಿ. ನಮ್ಮ ಕಾಲೇಜು ಅದರ ಮುಖ ನೋಡಿ ಹತ್ತೊಂಬತ್ತು ವರ್ಷವಾಗಿತ್ತು. ಶುಕ್ರವಾರ ಸಂಜೆ ಆಗಬೇಕಿತ್ತು. ಹಿಮ ಬಿದ್ದು ಬೆಟ್ಟದ ದಾರಿ ಮುಚ್ಚಿದ್ದರಿಂದ ಶನಿವಾರ ಮಧ್ಯಾಹ್ನ ಎರಡಕ್ಕೆ ಹಾಕಿದರು. ನಾಲ್ಕು ಗಂಟೆಗೆ ಏನು ಕೂಗುತ್ತದೆ ಎಂದು ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ.

ಪೈನ್ ಗ್ಯಾಪ್‌ನವರು ಆಡಲು ಬಂದಿರಲಿಲ್ಲ, ಹೊಡೆಯಲು ಬಂದಿದ್ದರು. ಮೊದಲ ಐದು ನಿಮಿಷದಲ್ಲೇ ನಮ್ಮ ಹುಡುಗನೊಬ್ಬನ ತುಟಿ ಸೀಳಿತು. ಅವರ ಸೆಂಟರ್, ಎತ್ತು ಕಟ್ಟುವ ಗೂಟದಂಥವನು, ಟೀಗ್ ಹಾರಿದಾಗಲೆಲ್ಲ ಅವನ ಪಕ್ಕೆಗೆ ಮಂಡಿ ಕೊಡುತ್ತಿದ್ದ. ಎರಡನೆಯ ಅರ್ಧದಲ್ಲಿ ಒಮ್ಮೆ ಮೇಲಿನಿಂದಲೇ ಎಳೆದು ನೆಲಕ್ಕೆ ಬಡಿದ. ಟೀಗ್ ಜಾರಿಕೊಂಡು ಬಂದು ವರ್ಲಿನ್‌ನ ಕಾಲ ಬಳಿ, ಗೆರೆಯ ಆ ಕಡೆ ಬಿದ್ದ. ಮೂಗಿನಿಂದ ರಕ್ತ ಬರುತ್ತಿತ್ತು. ಅದು ಗೆರೆಯ ಮೇಲೆ ಹನಿಯಿತು. ರೆಫರಿ ಸೀಟಿ ಊದಲಿಲ್ಲ.

ವ್ಯಾಯಾಮಶಾಲೆ ಪೂರ್ತಿ ವರ್ಲಿನ್‌ನ ಕಡೆ ತಿರುಗಿತು. ಅವನ ಕತ್ತಿನ ನರ ಉಬ್ಬಿದ್ದು ನನ್ನ ಮೇಜಿನಿಂದಲೇ ಕಾಣುತ್ತಿತ್ತು. ಅವನು ಜೇಬಿನಿಂದ ಕರವಸ್ತ್ರ ತೆಗೆದು ನೆಲಕ್ಕೆ ಹಾಕಿ, ಬೂಟಿನ ತುದಿಯಿಂದ ಅದನ್ನು ಗೆರೆಯಾಚೆ ನೂಕಿದ. ಬೂಟು ಗೆರೆಯನ್ನು ಮುಟ್ಟಲಿಲ್ಲ.

"ಒರೆಸ್ಕೊಂಡು ಎದ್ದೇಳು" ಎಂದ. "ಅವನು ಹಂದಿ. ನೀನು ಬೇಲಿ."

ಟೀಗ್ ಎದ್ದ. ನಮ್ಮವರು ಹನ್ನೊಂದು ಅಂಕ ಹಿಂದಿದ್ದವರು ಒಂದೊಂದಾಗಿ ಹತ್ತಿದರು. ಇನ್ನು ಇಪ್ಪತ್ತು ಸೆಕೆಂಡು ಇದೆ ಎನ್ನುವಾಗ ಅರವತ್ತೊಂದು, ಅರವತ್ತು, ನಾವು ಮುಂದೆ. ಚೆಂಡು ಅವರ ಕೈಯಲ್ಲಿತ್ತು. ಅವರು ಎಸೆದರು, ಅದು ಕಬ್ಬಿಣದ ಬಳೆಗೆ ಬಡಿದು ಮೇಲೆ ಹಾರಿತು. ಬುಟ್ಟಿಯ ಕೆಳಗೆ ಆರು ಜನ ಒಬ್ಬರ ಮೇಲೊಬ್ಬರು ಬಿದ್ದರು. ಆ ರಾಶಿಯಿಂದ ಟೀಗ್‌ನ ಉದ್ದ ಕೈ ಎದ್ದು ಚೆಂಡನ್ನು ಕಿತ್ತುಕೊಂಡಿತು. ಅವನು ಅದನ್ನು ಎದೆಗೆ ಅವುಚಿಕೊಂಡು ನಿಂತ. ಗೆದ್ದಾಗಿತ್ತು. ಗಡಿಯಾರ ಇನ್ನೊಂದಿಷ್ಟು ಓಡಬೇಕಿತ್ತು, ಅಷ್ಟೆ.

ಸೈರನ್ ಕೂಗಿತು.

ನನ್ನ ಬೆರಳು ಯಾವುದನ್ನೂ ಒತ್ತಿರಲಿಲ್ಲ. ಅದು ಗುಡ್ಡದಾಚೆಯ ಒಂಬತ್ತನೆಯ ಗಣಿ, ನಾಲ್ಕು ಗಂಟೆಯ ಪಾಳಿ. ಕೂತಿದ್ದ ಗಂಡಸರಲ್ಲಿ ಅರ್ಧಕ್ಕರ್ಧ ಜನ ತಮಗೇ ತಿಳಿಯದೆ ಎದ್ದರು. ಹತ್ತಾರು ವರ್ಷ ಆ ಕೂಗಿಗೆ ಎದ್ದ ಕಾಲುಗಳು ಅವು. ವರ್ಲಿನ್ ಎದ್ದು ಓಡಿದ. ನಾಲ್ಕು ಮೆಟ್ಟಿಲು ಹತ್ತಲಾಗದವನು ಗೆರೆ ದಾಟಿ, ಹನ್ನೊಂದು ಹೆಜ್ಜೆ ಓಡಿ, ಟೀಗ್‌ನ ಸೊಂಟವನ್ನು ತಬ್ಬಿಕೊಂಡ. ಅವನ ಹಿಂದೆ ಇನ್ನೂ ಮೂವತ್ತು ನಲವತ್ತು ಜನ ನುಗ್ಗಿದರು. ಸಿಟ್ಟು ಬಂದಾಗ ಕೂತಿರುವುದನ್ನು ಅವನು ವರ್ಷಗಟ್ಟಲೆ ಕಲಿತಿದ್ದ. ಸಂತೋಷಕ್ಕೆ ಅವನಲ್ಲಿ ಯಾವ ಅಭ್ಯಾಸವೂ ಇರಲಿಲ್ಲ.

ರೆಫರಿ ಸೀಟಿ ಊದಿದ. ನಾನು ಗಡಿಯಾರ ನಿಲ್ಲಿಸಿದೆ. ಎರಡು ಸೆಕೆಂಡು, ಮೇಲೆ ಆರು ದಶಾಂಶ ಉಳಿದಿತ್ತು.

ಆಟ ನಡೆಯುವಾಗ ಊರಿನ ಜನ ಅಂಕಣಕ್ಕೆ ಬಂದರೆ ಊರಿನ ತಂಡಕ್ಕೆ ದಂಡ: ಎದುರಾಳಿಗೆ ಎರಡು ಬಿಟ್ಟಿ ಎಸೆತ, ಆಮೇಲೆ ಚೆಂಡೂ ಅವರಿಗೇ. ರೆಫರಿ ಅದನ್ನು ಹೇಳುತ್ತಿದ್ದಂತೆ ವರ್ಲಿನ್ ನನ್ನ ಕಡೆ ನೋಡಿದ. ನಾನು ಗಡಿಯಾರವನ್ನು ತೋರಿಸಿದೆ. ಅವನು ಟೀಗ್‌ನನ್ನು ಬಿಟ್ಟು, ಹಿಂದಕ್ಕೆ ನಡೆದು, ಗೆರೆಯ ಈ ಕಡೆ ತನ್ನ ಕುರ್ಚಿಯ ಪಕ್ಕದಲ್ಲಿ ನಿಂತುಕೊಂಡ. ಕೂರಲಿಲ್ಲ.

ಪೈನ್ ಗ್ಯಾಪ್‌ನವನು ಮೊದಲನೆಯದನ್ನು ಹಾಕಿದ. ಎರಡನೆಯದನ್ನೂ ಹಾಕಿದ. ಅರವತ್ತೊಂದು, ಅರವತ್ತೆರಡು. ಚೆಂಡನ್ನು ಒಳಗೆ ಎಸೆದು ಎರಡೂವರೆ ಸೆಕೆಂಡು ಹಿಡಿದು ನಿಂತರು. ಈ ಸಲ ಕೂಗಿದ್ದು ನಮ್ಮ ಸೈರನ್.

ಮೊದಲು ಯಾರೋ ಬಾಟಲಿ ಎಸೆದರು. ಅದು ವರ್ಲಿನ್‌ನ ಕಿವಿಗೆ ತಾಗಿತು. ಆಮೇಲೆ ಜನ ಮೆಟ್ಟಿಲುಗಳಿಂದ ಇಳಿದರು. ಅವರೂ ಗಣಿಯ ಅದೇ ಸೈರನ್ ಕೇಳಿ ಎದ್ದವರೇ. ಅವರಲ್ಲಿ ನಲವತ್ತು ಜನ ಅವನ ಹಿಂದೆ ಓಡಿದವರೇ. ಅದು ಯಾರಿಗೂ ನೆನಪಾಗಲಿಲ್ಲ. ಒಬ್ಬ ಅವನ ಕಾಲರ್ ಹಿಡಿದ. ಒಬ್ಬ ಹೊಟ್ಟೆಗೆ ಗುದ್ದಿದ. ವರ್ಲಿನ್ ಹಳೆಯ ಅಭ್ಯಾಸದಂತೆ ಒಬ್ಬನ ಮೂತಿಗೆ ಬಾರಿಸಿ ಬೀಳಿಸಿದ. ಅಲ್ಲಿಗೆ ಉಸಿರು ಮುಗಿಯಿತು. ಕುರ್ಚಿಯ ಬೆನ್ನು ಹಿಡಿದುಕೊಂಡು ಬಾಯಿ ತೆರೆದು ನಿಂತ. ಎಸ್ಟಿಲ್ ತನ್ನ ಕುರ್ಚಿಯನ್ನು ಮಡಿಚಿ ಎತ್ತಿಕೊಂಡ.

"ಈ ಸಲ, ಈ ಸಲ" ಎಂದ. "ಇಪ್ಪತ್ತು ವರ್ಷ ಬೇಡ ಬೇಡ ಅಂದ್ರೂ ನಂಬಿಸಿಬಿಟ್ಟೆಯಲ್ಲೋ."

ಕುರ್ಚಿಯ ಅಂಚು ವರ್ಲಿನ್‌ನ ಭುಜಕ್ಕೂ ಕತ್ತಿಗೂ ನಡುವೆ ಬಿತ್ತು. ಎಲುಬು ಮುರಿದದ್ದು ನನಗೆ ಕೇಳಿಸಿತು. ಆ ಸದ್ದು ನನಗೆ ಹಳೆಯದೇ. ಅವನು ಬಿದ್ದ. ಜನ ಒದೆಯತೊಡಗಿದರು. ಪೊಲೀಸಿನವನು ಒಬ್ಬನೇ ಇದ್ದ, ಅವನು ಪೈನ್ ಗ್ಯಾಪ್‌ನ ಹುಡುಗರನ್ನು ಬಸ್ಸಿಗೆ ಹತ್ತಿಸುತ್ತಿದ್ದ.

ಆಗ ನಮ್ಮ ಐದು ಹುಡುಗರು ಬಂದರು. ಅವರು ತಮ್ಮ ಕೋಣೆಗೆ ಹೋಗುವ ಬಾಗಿಲಿನವರೆಗೂ ಹೋಗಿದ್ದರು, ತಿರುಗಿ ಬಂದರು. ಗುಂಪಿನ ಒಳಗೆ ತೂರಿಕೊಂಡು, ವರ್ಲಿನ್‌ನ ಸುತ್ತ ಅವನಿಗೆ ಬೆನ್ನು ಮಾಡಿ ನಿಂತರು. ಯಾರೂ ಕೈ ಎತ್ತಲಿಲ್ಲ. ಬಂದವರು ಬಂದು ತಾಗಿಸಿಕೊಂಡರು. ಒಬ್ಬನ ಪಕ್ಕೆ ಮುರಿಯಿತು. ಒಬ್ಬ ಹೊಟ್ಟೆ ಹಿಡಿದುಕೊಂಡು ವಾಂತಿ ಮಾಡಿದ. ಎಸ್ಟಿಲ್ ಮತ್ತೆ ಕುರ್ಚಿ ಎತ್ತಿಕೊಂಡು ನುಗ್ಗಿದಾಗ ಟೀಗ್ ಜಾಗ ಬಿಡಲಿಲ್ಲ. ಅರ್ಧ ಸುತ್ತು ತಿರುಗಿದ, ಅಷ್ಟೆ. ಅವನ ಮೊಣಕೈ ಎಸ್ಟಿಲ್‌ನ ಮೂಗಿನ ನಟ್ಟನಡುವೆ ಕೂತಿತು. ಎಸ್ಟಿಲ್ ಕುರ್ಚಿಯ ಸಮೇತ ಹಿಂದಕ್ಕೆ ಬಿದ್ದ. ಟೀಗ್ ಸಾರಿ ಕೂಡ ಹೇಳಲಿಲ್ಲ.

ನಾನು ಮೇಜು ಸುತ್ತಿ ಅಲ್ಲಿಗೆ ಹೋಗುವಷ್ಟರಲ್ಲಿ ಗುಂಪು ಹಿಂದೆ ಸರಿದಿತ್ತು. ವರ್ಲಿನ್ ನೆಲದ ಮೇಲೆ ಮಲಗಿದ್ದ. ಒಂದು ಕಣ್ಣು ಮುಚ್ಚಿಹೋಗಿತ್ತು, ತುಟಿ ನೀಲಿಯಾಗಿತ್ತು. ಇನ್ನೊಂದು ಕಣ್ಣು ಹುಡುಗರ ಬೆನ್ನುಗಳನ್ನು ನೋಡುತ್ತಿತ್ತು.

"ನೋಡಿದ್ರಾ, ಪ್ರೊಫೆಸರ್?" ಎಂದ. ಮುಂದಿನ ಮಾತಿಗೆ ಬಹಳ ಹೊತ್ತು ಹಿಡಿಯಿತು. "ಬಂತು. ಮೊಣಕೈ ಬಂತು."

ಡೀನರು ಸಭೆ ಕರೆದದ್ದು ಎರಡು ವಾರದ ಮೇಲೆ. ಅದರ ಹಿಂದಿನ ದಿನ ಎಸ್ಟಿಲ್ ನನ್ನ ಕೋಣೆಗೆ ಬಂದ. ಮೂಗಿಗೆ ಪಟ್ಟಿ ಸುತ್ತಿತ್ತು, ಎರಡೂ ಕಣ್ಣಿನ ಸುತ್ತ ಹಳದಿ ಬಣ್ಣಕ್ಕೆ ತಿರುಗಿತ್ತು. ಟೋಪಿ ಕೈಯಲ್ಲಿ ಹಿಡಿದುಕೊಂಡು ನಿಂತ.

"ಪ್ರೊಫೆಸರ್, ನಿಮ್ಮ ಬೆರಳು ಜಾರಿ ನಮ್ಮ ಸೈರನ್ನೇ ಕೂಗಿಬಿಡ್ತು ಅಂತ ಒಂದು ಮಾತು ಹೇಳಿದ್ರೆ, ತಪ್ಪು ಮೇಜಿನದ್ದಾಗುತ್ತೆ. ಅವನು ಕಾಗದದ ಮಾತು ಮುರಿದ ಹಾಗಾಗಲ್ಲ."

"ಜಾರಲಿಲ್ಲವಲ್ಲ, ಎಸ್ಟಿಲ್."

"ಗೊತ್ತು. ಹೇಳಿದ್ರೆ ನಿಮಗೇನಾಗುತ್ತೆ? ನಿಮ್ಮನ್ನ ಯಾರೂ ಕುರ್ಚಿ ತಗೊಂಡು ಹೊಡೆಯಲ್ಲ."

"ನೀನು ಹೊಡೆದೆ. ಈಗ ನಾನು ಸುಳ್ಳು ಹೇಳಿ ಅದನ್ನು ಸರಿಮಾಡಬೇಕೇ?"

ಅವನು ಟೋಪಿ ಹಾಕಿಕೊಂಡು ಹೋದ.

ಸಭೆಗೆ ವರ್ಲಿನ್ ತೋಳನ್ನು ಕತ್ತಿಗೆ ಕಟ್ಟಿದ ಪಟ್ಟಿಯಲ್ಲಿ ಇಳಿಬಿಟ್ಟುಕೊಂಡು ಬಂದ. ಜೊತೆಗೆ ರೀವಾ ಇದ್ದಳು. ಅವನು ಏನು ಕಳೆದುಕೊಳ್ಳಲಿದ್ದಾನೆ ಎಂಬುದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಸ್ಟ್ಯಾಂಪರ್ ಕೊನೆಯ ಪ್ರಯತ್ನ ಮಾಡಿದ. "ವರ್ಲಿನ್, ನಿಮಗೆ ಕೇಳಿಸಿದ್ದು ನಮ್ಮ ಸೈರನ್ ಆಗಿರಬಹುದಲ್ಲ? ಎರಡೂ ಒಂದೇ ಥರ ಇದೆ."

ಅವನ ಉತ್ತರ ಹೌದು ಎಂದಾಗಿದ್ದರೆ ಡೀನರು ನನ್ನನ್ನು ಕೇಳುತ್ತಿದ್ದರು. ನಾನು ಇಲ್ಲ ಎನ್ನುತ್ತಿದ್ದೆ. ಅದನ್ನು ಅವನು ಬಲ್ಲ ಎಂದು ನನಗೆ ಅನ್ನಿಸಿತು, ಆದರೆ ಅವನು ಕೊಟ್ಟ ಉತ್ತರ ನನಗೋಸ್ಕರ ಎಂದು ನಾನು ತಿಳಿದಿಲ್ಲ.

"ಎಲ್ಲಿ ಒಂದೇ ಥರ?" ಎಂದ ವರ್ಲಿನ್, ಅವಮಾನವಾದವನಂತೆ. "ಆರನೇ ಗಣೀದು ದಪ್ಪ ಗಂಟಲು. ಒಂಬತ್ತನೇದು ಸಣ್ಣ. ಮೂವತ್ತೆರಡು ವರ್ಷ ಕೇಳಿದೀನಿ. ಕೂಗಿದ್ದು ಒಂಬತ್ತನೇದೇ. ನಾನು ಕೇಳ್ಲಿಲ್ಲ, ಕಾಲು ಕೇಳ್ತು."

ಡೀನರು ಕಾಗದವನ್ನು ಓದಿದರು. ರೀವಾ ಗಂಡನ ಕೋಟಿನ ಗುಂಡಿ ಹಾಕಿ ಎಬ್ಬಿಸಿದಳು. ಮೆಟ್ಟಿಲು ಇಳಿಯುವಾಗ 'ನಂಗೆ ಮತ್ತೆ ಕಾಫಿ ಹೊರೋ ಕೆಲಸ ಬಂತು' ಎಂದಳಂತೆ. ಅದೇ ಸಭೆ ಎಸ್ಟಿಲ್‌ನನ್ನೂ ಜೀವ ಇರುವವರೆಗೆ ಹೊರಗಿಟ್ಟಿತು, ಕುರ್ಚಿ ಕಾಲೇಜಿನದ್ದಾಗಿತ್ತು. ಆರನೆಯ ಗಣಿಯ ಸೈರನ್ನಿನ ತಂತಿ ಕತ್ತರಿಸಿ, ಗಡಿಯಾರಕ್ಕೆ ಒಂದು ವಿದ್ಯುತ್ ಬಜರ್ ಜೋಡಿಸಿದರು. ಅದು ಕುರಿಯ ಹಾಗೆ ಕೂಗುತ್ತದೆ.

ನವೆಂಬರಿನ ಮೊದಲ ಪಂದ್ಯ ಶನಿವಾರ ಸಂಜೆ ಇತ್ತು. ಐದು ಹುಡುಗರೂ ಎರಡನೆಯ ವರ್ಷಕ್ಕೆ ಬಂದಿದ್ದರು. ಟೀಗ್ ಬೇಸಿಗೆಯಲ್ಲಿ ಮೈ ತುಂಬಿಕೊಂಡಿದ್ದ. ಹನ್ನೊಂದನೆಯ ನಿಮಿಷಕ್ಕೆ ಅವನು ಐದನೆಯ ಫೌಲ್ ಮಾಡಿ, ಎದುರಾಳಿಯೊಬ್ಬನನ್ನು ಸ್ಟ್ರೆಚರಿನಲ್ಲಿ ಕಳಿಸಿ, ನಿಯಮದಂತೆ ಅಂಕಣದಿಂದ ಹೊರಬಿದ್ದ. ರೆಫರಿ ಅದನ್ನು ಘೋಷಿಸುತ್ತಿದ್ದಂತೆ ಹೊರಗಿನಿಂದ ಒಂದು ಟ್ರಕ್ಕಿನ ಹಾರ್ನ್ ಎರಡು ನಿಮಿಷ ಬಿಡದೆ ಕೂಗಿತು. ನಮ್ಮವರು ಒಂಬತ್ತು ಅಂಕಗಳಿಂದ ಸೋತರು.

ಮುಗಿದ ಮೇಲೆ ನಾನು ಹಾರ್ನ್ ಕೇಳಿಬಂದ ಕಡೆಗೇ ನಡೆದು ಹೋದೆ. ಟ್ರಕ್ಕಿನ ಕಿಟಕಿ ಇಳಿಸಿತ್ತು. ಸ್ಟಿಯರಿಂಗ್ ಹಿಂದೆ ವರ್ಲಿನ್. ಮೂಗಿಗೆ ಆಮ್ಲಜನಕದ ನಳಿಗೆ. ಪಕ್ಕದಲ್ಲಿ ಸೊಟ್ಟ ಮೂಗಿನ ಎಸ್ಟಿಲ್. ತೊಡೆಯ ಮೇಲೆ ರೀವಾಳ ಥರ್ಮಾಸ್.

"ಹನ್ನೊಂದು ನಿಮಿಷಕ್ಕೆ ಐದು ಫೌಲು, ಪ್ರೊಫೆಸರ್" ಎಂದ ವರ್ಲಿನ್.

"ಒಂಬತ್ತು ಪಾಯಿಂಟಿಂದ ಸೋತಿದ್ದನ್ನೂ ಹೇಳೋ" ಎಂದ ಎಸ್ಟಿಲ್.

"ಜಾಸ್ತಿ ಬಂದುಬಿಟ್ಟಿದೆ, ಅಷ್ಟೇ. ಒಂಚೂರು ಕಮ್ಮಿ ಮಾಡ್ಕೊಂಡ್ರೆ ಸಾಕು."

"ಮತ್ತೆ ಒಂದೇ ಕಮ್ಮಿ."

ವರ್ಲಿನ್ ಅವನನ್ನು ಗಮನಿಸದೆ ನನ್ನ ಕಡೆ ಮುಖ ಮಾಡಿ ಬಾಯಿ ತೆರೆದ. "ಈ" ಎಂದು ನಿಂತ. ನಳಿಗೆಯಲ್ಲಿ ಗಾಳಿ ಸುಯ್ಯೆಂದಿತು. ಅದು ಸುಳ್ಳು ಎನ್ನಲು ಎಸ್ಟಿಲ್ ಎರಡನೆಯ ಮಾತು ಬರುವವರೆಗೂ ಕಾದು ಕೂತಿದ್ದ.